ಯಾವ ನೀಹಾರಿಕೆ ನಿಮಗೆ? ಕಾಸರಗೋಡಿನ ಆಕಾಶಕ್ಕೆ ಹೊಂದುವ ಒಂದು ಹೋಲಿಕೆ

ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಇರುವ ಅನಿಲ, ದೂಳಿನ ಮೋಡ. ಅದನ್ನು ನೋಡಬೇಕು ಎಂದು ಹೊರಟವರಿಗೆ ಬೇಗನೆ ಗೊಂದಲ ಶುರುವಾಗುತ್ತದೆ. ಪುಸ್ತಕ ತೆರೆದರೆ ಐದು ಬಗೆ ಕಾಣುತ್ತವೆ. ತಾವೇ ಹೊಳೆಯುವವು, ಪಕ್ಕದ ನಕ್ಷತ್ರದ ಬೆಳಕಲ್ಲಿ ಕಾಣುವವು, ಕಪ್ಪಾಗಿ ನಿಂತವು, ಸಾಯುವ ನಕ್ಷತ್ರ ಊದಿ ಬಿಟ್ಟವು, ನಕ್ಷತ್ರ ಸಿಡಿದು ಉಳಿದವು. ಚಿತ್ರದಲ್ಲಿ ಎಲ್ಲವೂ ಬಣ್ಣಬಣ್ಣವಾಗಿ ಒಂದೇ ಥರ ಕಾಣುತ್ತವೆ. ಹೊರಗೆ ಬಂದು ತಲೆ ಎತ್ತಿದರೆ ಒಂದೂ ಕಾಣುವುದಿಲ್ಲ.

ಕೇಳುವವರ ಅಗತ್ಯವೂ ಬೇರೆ ಬೇರೆ. ಒಬ್ಬರ ಮನೆಯಲ್ಲಿ ಬೈನಾಕುಲರ್ ಇದೆ, ಎತ್ತ ತಿರುಗಿಸಲಿ ಎಂದು ಕೇಳುತ್ತಾರೆ. ಕನ್ನಡ ಶಾಲೆಯ ಮಾಷ್ಟ್ರೊಬ್ಬರಿಗೆ ವಿಜ್ಞಾನ ಕ್ಲಬ್ಬಿನ ಮಕ್ಕಳ ಜೊತೆ ಒಂದೇ ಒಂದು ಸಂಜೆ ಸಿಕ್ಕಿದೆ. ಕಾಲೇಜಿನ ಹುಡುಗನ ಕೈಯಲ್ಲಿ ಕ್ಯಾಮೆರಾ ಇದೆ, ದೂರದರ್ಶಕ ಇಲ್ಲ. ಇನ್ನೊಬ್ಬರು ಅಡಿಕೆ ಮಾರಿದ ದುಡ್ಡಲ್ಲಿ ಒಂದು ದೂರದರ್ಶಕ ತರುವ ಯೋಚನೆಯಲ್ಲಿದ್ದಾರೆ, ತಂದ ಮೇಲೆ ಏನು ನೋಡುವುದು ಎಂಬ ಚಿಂತೆ. ಇವರಿಗೆಲ್ಲ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಎಲ್ಲರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮೋಡದ ಬೆಳಕು ಎಲ್ಲಿಂದ ಬರುತ್ತಿದೆ?

ನೀಹಾರಿಕೆ ಹೇಗೆ ಹುಟ್ಟಿತು ಎಂಬುದು ಬರೀ ಪರೀಕ್ಷೆಗೆ ಓದುವ ವಿಷಯ ಅಲ್ಲ. ಯಾವ ಉಪಕರಣ ಬೇಕು, ಫಿಲ್ಟರ್ ಕೆಲಸ ಮಾಡುತ್ತದೋ ಇಲ್ಲವೋ, ಎಷ್ಟು ಕತ್ತಲೆ ಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಹುಟ್ಟನ್ನು ತಿಳಿದುಕೊಂಡವರು ದುಡ್ಡನ್ನೂ ಉಳಿಸುತ್ತಾರೆ.

ಅಳೆಯುವುದು ಯಾವುದರಿಂದ?

ಮೊದಲನೆಯದು ಬೆಳಕಿನ ಮೂಲ. ಅನಿಲವೇ ಹೊಳೆಯುತ್ತಿದೆಯಾ, ದೂಳು ಬೆಳಕನ್ನು ಚದುರಿಸುತ್ತಿದೆಯಾ, ಅಥವಾ ಹಿಂದಿನ ಬೆಳಕನ್ನು ತಡೆಯುತ್ತಿದೆಯಾ ಎಂದು ನೋಡಬೇಕು.

ಎರಡನೆಯದು ತಿಂಗಳು. ನಮ್ಮಲ್ಲಿ ಇದು ಬಹಳ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಟಿ ತಿಂಗಳಲ್ಲಿ ಒಂದು ನಕ್ಷತ್ರ ಕಂಡರೆ ಅದೇ ದೊಡ್ಡದು. ಹೊರಗಿನ ಪುಸ್ತಕಗಳು ಬೇಸಿಗೆಯ ಆಕಾಶ ಎಂದು ಹೊಗಳುವ ಧನು ರಾಶಿಯ ಸಂಪತ್ತು ಸಂಜೆಯ ಹೊತ್ತಿಗೆ ತಲೆಯ ಮೇಲೆ ಬರುವುದು ಸರಿಯಾಗಿ ನಮ್ಮ ಮಳೆಗಾಲದಲ್ಲಿ. ಅಲ್ಲಿನ ತಿಂಗಳ ಪಟ್ಟಿಯನ್ನು ಇಲ್ಲಿ ಹಾಗೇ ನಂಬಿದರೆ ಮೋಡ ನೋಡಿ ಕೂರಬೇಕು.

ಮೂರನೆಯದು ದಿಕ್ಕು ಮತ್ತು ಜಾಗ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ದೆಹಲಿಯವರಿಗೆ ದಿಗಂತಕ್ಕೆ ಅಂಟಿಕೊಂಡಂತೆ ಕಾಣುವ ದಕ್ಷಿಣದ ಆಕಾಶ ನಮಗೆ ಸಾಕಷ್ಟು ಮೇಲೆ ಬರುತ್ತದೆ. ಆದರೆ ತೋಟದ ಮನೆಗಳಲ್ಲಿ ಅಡಿಕೆ ಮರ, ತೆಂಗಿನ ಮರ ಆಕಾಶದ ಅರ್ಧ ಭಾಗವನ್ನು ಮುಚ್ಚಿಬಿಡುತ್ತವೆ. ಅಂಗಳ ದೊಡ್ಡದಿದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಮುರಕಲ್ಲಿನ ಪದವು ಬಹಳ ಒಳ್ಳೆಯದು: ಬಯಲು, ಮರ ಕಡಿಮೆ, ನಾಲ್ಕೂ ದಿಕ್ಕು ತೆರೆದಿರುತ್ತದೆ. ಕರಾವಳಿಯ ಉದ್ದಕ್ಕೂ ಹೆದ್ದಾರಿಯ ದೀಪಗಳು, ಪಶ್ಚಿಮಕ್ಕೆ ಮೀನು ಹಿಡಿಯುವ ದೋಣಿಗಳ ಬೆಳಕು, ಉತ್ತರಕ್ಕೆ ಮಂಗಳೂರಿನ ಮಬ್ಬು ಬೆಳಕು. ಹಾಗಾಗಿ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಒಳಗೆ ಹೋದಷ್ಟೂ ಆಕಾಶ ಕಪ್ಪಾಗುತ್ತದೆ. ಪೈವಳಿಕೆಯ ಪೊಸಡಿ ಗುಂಪೆಯಂಥ ಗುಡ್ಡದ ಮೇಲೆ ದಿಗಂತವೂ ತೆರೆದಿರುತ್ತದೆ. ದೇಲಂಪಾಡಿ, ಕಾರಡ್ಕದಂಥ ಆನೆ ಇಳಿಯುವ ಕಡೆಗಳಲ್ಲಿ ಮಾತ್ರ ರಾತ್ರಿ ಗುಡ್ಡೆ ಹತ್ತುವುದು ಬೇಡ, ಮನೆಯ ಅಂಗಳವೇ ಸಾಕು.

ನಾಲ್ಕನೆಯದು ಕಣ್ಣೋ ಕ್ಯಾಮೆರಾವೋ ಎಂಬುದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸುವುದಿಲ್ಲ. ದೂರದರ್ಶಕದಲ್ಲಿ ಬಹುತೇಕ ನೀಹಾರಿಕೆಗಳು ಬೂದು ಬಣ್ಣಕ್ಕೇ ಕಾಣುತ್ತವೆ. ಇದನ್ನು ಮೊದಲೇ ತಿಳಿದುಕೊಂಡು ನೋಡಿದರೆ ಖುಷಿಯಾಗುತ್ತದೆ, ತಿಳಿಯದೆ ನೋಡಿದರೆ ನಿರಾಸೆ. ಕ್ಯಾಮೆರಾ ಹಾಗಲ್ಲ. ನಿಮಿಷಗಟ್ಟಲೆ ಬೆಳಕು ಕೂಡಿಸಿಕೊಂಡು ಬಣ್ಣ ತೋರಿಸುತ್ತದೆ.

ಚಂದ್ರನ ಲೆಕ್ಕವಂತೂ ಎಲ್ಲದಕ್ಕೂ ಇದೆ. ಗೋಡೆಯ ಪಂಚಾಂಗ ನೋಡಿ. ಕೃಷ್ಣ ಪಕ್ಷದ ಅಷ್ಟಮಿ ಕಳೆದ ಮೇಲೆ ಚಂದ್ರ ಹುಟ್ಟುವುದು ನಡುರಾತ್ರಿಯ ನಂತರ. ಅಲ್ಲಿಂದ ಶುಕ್ಲ ಪಕ್ಷದ ಚೌತಿಯವರೆಗಿನ ಸಂಜೆಗಳು ನೀಹಾರಿಕೆಗೆ ಹೇಳಿ ಮಾಡಿಸಿದಂತಿವೆ.

ತಾವೇ ಹೊಳೆಯುವವು: ಮೊದಲ ಆಯ್ಕೆ ಇಲ್ಲಿಂದಲೇ

ಪುಸ್ತಕಗಳು ಇವನ್ನು ಉತ್ಸರ್ಜನ ನೀಹಾರಿಕೆ ಎನ್ನುತ್ತವೆ. ಹೈಡ್ರೋಜನ್ ತುಂಬಿದ ದೊಡ್ಡ ಮೋಡದೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ತುಂಬಾ ಬಿಸಿಯಾದ ಕೆಲವು, ಸುಮಾರು 25,000 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವವು, ನೇರಳಾತೀತ ಕಿರಣಗಳನ್ನು ಸುರಿಸುತ್ತವೆ. ಆ ಕಿರಣ ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಬಂದು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ ಬೆಳಕು ಬಿಡುತ್ತದೆ. ಅದರಲ್ಲಿ 656 ನ್ಯಾನೋಮೀಟರಿನ ಕೆಂಪು ಬೆಳಕು ಪ್ರಬಲ. ಫೋಟೋಗಳಲ್ಲಿ ಕಾಣುವ ಗುಲಾಬಿ, ಕೆಂಪು ಇದೇ.

ಇದರ ಜೊತೆ ಇನ್ನೊಂದು ಬೆಳಕೂ ಇದೆ, ಅದರ ಕಥೆ ನನಗೆ ಬಹಳ ಇಷ್ಟ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದರು. ನಕ್ಷತ್ರದ ಬೆಳಕಿನಂತೆ ಉದ್ದದ ಬಣ್ಣದ ಪಟ್ಟಿ ಕಾಣುವ ಬದಲು ಕೆಲವೇ ಗೆರೆಗಳು ಕಂಡವು. ಅಂದರೆ ಇದು ದೂರದ ನಕ್ಷತ್ರಗಳ ಗುಂಪಲ್ಲ, ನಿಜವಾದ ಅನಿಲ. ಆದರೆ ಆ ಹಸಿರು ಗೆರೆಗಳು ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಹೊಸ ಮೂಲವಸ್ತುವೇ ಇರಬೇಕೆಂದು ಭಾವಿಸಿ ಅದಕ್ಕೆ ನೆಬ್ಯೂಲಿಯಂ ಎಂದು ಹೆಸರನ್ನೂ ಇಟ್ಟರು. 1927ರಲ್ಲಿ ಐರಾ ಬೋವೆನ್ ಗುಟ್ಟು ಬಿಡಿಸಿದರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ. ಅನಿಲ ವಿಪರೀತ ತೆಳುವಾಗಿದ್ದಾಗ ಮಾತ್ರ ಅದು ಈ ಬೆಳಕು ಬಿಡುತ್ತದೆ. ನೀಹಾರಿಕೆಯ ಒಂದು ಘನ ಸೆಂಟಿಮೀಟರಿನಲ್ಲಿ ನೂರಾರು, ಹೆಚ್ಚೆಂದರೆ ಕೆಲವು ಸಾವಿರ ಪರಮಾಣುಗಳಿರುತ್ತವೆ. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿ ಕೋಟಿ ಕೋಟಿಗಳನ್ನು ಮೀರಿದ ಅಣುಗಳಿವೆ. ಮೋಡ ಎನ್ನುತ್ತೇವೆ, ನಿಜವಾಗಿ ಅದು ಪ್ರಯೋಗಾಲಯದ ನಿರ್ವಾತಕ್ಕಿಂತ ಖಾಲಿ. ಹಲವು ಜ್ಯೋತಿರ್ವರ್ಷಗಳ ದಪ್ಪ ಇರುವುದರಿಂದಲೇ ಕಣ್ಣಿಗೆ ಬೀಳುತ್ತದೆ.

ಬೆಳಕು ಕೆಲವೇ ಗೆರೆಗಳಲ್ಲಿ ಬರುತ್ತದೆ ಎಂಬುದರಿಂದ ನಿಮಗೊಂದು ಲಾಭ ಇದೆ. ಆ ಗೆರೆಗಳನ್ನು ಮಾತ್ರ ಬಿಟ್ಟು ಉಳಿದ ಬೆಳಕನ್ನು ತಡೆಯುವ ಫಿಲ್ಟರ್ ಸಿಗುತ್ತದೆ. ಯುಎಚ್‌ಸಿ, ಓ-ತ್ರೀ ಎಂಬ ಹೆಸರಿನಲ್ಲಿ ಮಾರುತ್ತಾರೆ. ಪೇಟೆಯ ಹತ್ತಿರ ಇರುವವರೂ ಇದನ್ನು ಹಾಕಿದರೆ ಮೋಡ ಎದ್ದು ಕಾಣುತ್ತದೆ.

ಹೊಳೆಯುವವುಗಳಲ್ಲಿ ಮೂರು ನಮಗೆ ಸಿಗುತ್ತವೆ.

ಮಹಾವ್ಯಾಧ, ಅಂದರೆ ಒರಯನ್ ನಕ್ಷತ್ರಪುಂಜದ ಬೇಟೆಗಾರನ ಸೊಂಟದ ಮೂರು ನಕ್ಷತ್ರಗಳ ಕೆಳಗೆ ನೇತಾಡುವ ಕತ್ತಿಯಲ್ಲಿ ಒರಯನ್ ನೀಹಾರಿಕೆ ಇದೆ, ಶಾರ್ಲ್ ಮೆಸ್ಸಿಯೆ ಮಾಡಿದ ಪಟ್ಟಿಯಲ್ಲಿ ಎಂ 42. ದೂರ ಸುಮಾರು 1,350 ಜ್ಯೋತಿರ್ವರ್ಷ, ಅಗಲ ಸುಮಾರು 24 ಜ್ಯೋತಿರ್ವರ್ಷ. ಜನವರಿ, ಫೆಬ್ರವರಿಯ ರಾತ್ರಿಗಳಲ್ಲಿ ನಮಗೆ ಹೆಚ್ಚುಕಡಿಮೆ ತಲೆಯ ಮೇಲೆಯೇ ಬರುತ್ತದೆ. ಆಕಾಶವೂ ಆಗ ಒಣಗಿ ಶುಭ್ರವಾಗಿರುತ್ತದೆ. ಬರಿಗಣ್ಣಿಗೆ ಮಬ್ಬು ಚುಕ್ಕೆ, ಬೈನಾಕುಲರಿನಲ್ಲಿ ರೆಕ್ಕೆ ಬಿಚ್ಚಿದ ಮೋಡ. ದೂರದರ್ಶಕದಲ್ಲಿ ಅದರ ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು, ಟ್ರೆಪೀಜಿಯಂ. ಇಡೀ ಮೋಡಕ್ಕೆ ಬೆಳಕು ಕೊಡುವುದು ಹೆಚ್ಚಾಗಿ ಆ ನಾಲ್ಕರಲ್ಲಿ ಒಂದೇ ಒಂದು. ಹಬಲ್ ದೂರದರ್ಶಕ ಇಲ್ಲಿನ ಎಳೆಯ ನಕ್ಷತ್ರಗಳ ಸುತ್ತ ದೂಳಿನ ತಟ್ಟೆಗಳನ್ನು ಕಂಡಿದೆ. ಮುಂದೆ ಗ್ರಹಗಳಾಗಬಹುದಾದ ಸಾಮಗ್ರಿ ಅದು. ಟ್ರೈಪಾಡಿನ ಮೇಲಿಟ್ಟ ಮೊಬೈಲಿನ ನೈಟ್ ಮೋಡಿನಲ್ಲೂ ಈ ಜಾಗ ಸ್ವಲ್ಪ ಗುಲಾಬಿಯಾಗಿ ಬರುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಕೊಡುವ ನೀಹಾರಿಕೆ ಬೇರೆ ಇಲ್ಲ.

ಎರಡನೆಯದು ಕರೀನಾ ನೀಹಾರಿಕೆ. ಉತ್ತರ ಭಾರತದ ಗೆಳೆಯರಿಗೆ ಇದು ಸಿಗುವುದಿಲ್ಲ, ನಮಗೆ ಸಿಗುತ್ತದೆ. ದೆಹಲಿಯಲ್ಲಿ ಅದು ದಿಗಂತದಿಂದ ಒಂದೆರಡು ಡಿಗ್ರಿ ಮಾತ್ರ ಏಳುತ್ತದೆ. ಕಾಸರಗೋಡಿನಲ್ಲಿ ಸುಮಾರು 17 ಡಿಗ್ರಿ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನೇರ ದಕ್ಷಿಣದಲ್ಲಿ, ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಗಳ ಬಲಕ್ಕೆ ನೋಡಿ. ಒರಯನ್‌ಗಿಂತ ಎಷ್ಟೋ ದೊಡ್ಡ ಮೋಡ, ದೂರ ಸುಮಾರು 7,500 ಜ್ಯೋತಿರ್ವರ್ಷ. ಇದರೊಳಗಿನ ಈಟಾ ಕರೀನೇ ಎಂಬ ನಕ್ಷತ್ರ 1843ರಲ್ಲಿ ಉಕ್ಕಿ, ಸ್ವಲ್ಪ ಕಾಲ ಇಡೀ ಆಕಾಶದ ಎರಡನೆಯ ಪ್ರಕಾಶಮಾನ ನಕ್ಷತ್ರವಾಗಿತ್ತು. 2022ರ ಜುಲೈಯಲ್ಲಿ ಜೇಮ್ಸ್ ವೆಬ್ ದೂರದರ್ಶಕ ಬಿಡುಗಡೆ ಮಾಡಿದ ಮೊದಲ ಚಿತ್ರಗಳಲ್ಲಿ ಬೆಟ್ಟದ ಅಂಚಿನಂತೆ ಕಾಣುವ ಒಂದು ಚಿತ್ರ ಇತ್ತಲ್ಲ, ಅದು ಈ ಕರೀನಾ ಪ್ರದೇಶದ್ದೇ. ಇಲ್ಲಿ ನೀವು ಬಿಟ್ಟುಕೊಡಬೇಕಾದದ್ದು ಒಂದು: ದಕ್ಷಿಣ ದಿಗಂತ ಪೂರ್ತಿ ತೆರೆದಿರಬೇಕು, ಏಪ್ರಿಲ್‌ನ ಸೆಕೆಯ ಮಂಜುಬೆಳಕು ಇರಬಾರದು. ಅಂಥ ರಾತ್ರಿ ದಿನಾ ಸಿಗುವುದಿಲ್ಲ. ಒಂದು ಬೇಸಿಗೆ ಮಳೆ ಬಿದ್ದು ಗಾಳಿಯ ದೂಳು ತೊಳೆದ ಮರುದಿನ ಪ್ರಯತ್ನಿಸಿ.

ಮೂರನೆಯದು ಧನು ರಾಶಿಯ ಲಗೂನ್, ಎಂ 8. ಇದಕ್ಕೆ ನಮ್ಮಲ್ಲಿ ಎರಡು ಕಿಟಕಿಗಳಿವೆ. ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವ ಒಂದು. ಇಡೀ ರಾತ್ರಿಯ ಯಕ್ಷಗಾನ ಆಟ ನೋಡಿ ಮನೆಗೆ ಬರುವವರಿಗೆ ಆ ಹೊತ್ತಿನ ಆಕಾಶ ಗೊತ್ತಿರುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಸಂಜೆ ಏಳೂವರೆಯ ಹೊತ್ತಿಗೆ ನೈಋತ್ಯದಲ್ಲಿ ಇನ್ನೊಂದು. ಬೈನಾಕುಲರ್ ಇದ್ದರೆ ಸಾಕು. ಹತ್ತಿರದಲ್ಲೇ ಇರುವ ಟ್ರಿಫಿಡ್, ಎಂ 20, ಒಂದೇ ಜಾಗದಲ್ಲಿ ಮೂರು ಬಗೆ ತೋರಿಸುತ್ತದೆ. ಕೆಂಪಾಗಿ ಹೊಳೆಯುವ ಭಾಗ, ನೀಲಿಯಾಗಿ ಪ್ರತಿಫಲಿಸುವ ಭಾಗ, ನಡುವೆ ಕಪ್ಪು ಸೀಳುಗಳು. ಕ್ಯಾಮೆರಾದವರಿಗೆ ನನ್ನ ಶಿಫಾರಸು ಇದೇ.

ಪ್ರತಿಫಲಿಸುವವು: ಸುಂದರ, ಆದರೆ ಬೇಡಿಕೆ ಜಾಸ್ತಿ

ಪಾಣತ್ತೂರಿನಿಂದ ಕರಿಕೆಯ ಕಡೆ ಘಾಟಿ ಹತ್ತುವಾಗ ಮಂಜು ಮುಸುಕಿದ್ದರೆ ಎದುರಿನ ಬಸ್ಸಿನ ದೀಪದ ಸುತ್ತ ಬೆಳಕು ಹರಡಿಕೊಂಡಿರುತ್ತದಲ್ಲ, ಈ ನೀಹಾರಿಕೆಗಳೂ ಹಾಗೆಯೇ. ಮಂಜಿಗೆ ತನ್ನದೇ ಬೆಳಕಿಲ್ಲ. ಹತ್ತಿರದ ನಕ್ಷತ್ರಕ್ಕೆ ಅನಿಲವನ್ನು ಹೊಳೆಯಿಸುವಷ್ಟು ಬಿಸಿ ಇರುವುದಿಲ್ಲ. ಇರುವ ಬೆಳಕನ್ನು ದೂಳಿನ ಸಣ್ಣ ಕಣಗಳು ಚದುರಿಸುತ್ತವೆ. ಸಣ್ಣ ಕಣಗಳು ನೀಲಿಯನ್ನು ಜಾಸ್ತಿ ಚದುರಿಸುವುದರಿಂದ ಫೋಟೋದಲ್ಲಿ ಇವು ನೀಲಿ.

ಇದನ್ನು ಸಾಬೀತು ಮಾಡಿದ್ದು 1912ರಲ್ಲಿ ವೆಸ್ಟೋ ಸ್ಲೈಫರ್. ಕೃತ್ತಿಕೆಯ ಸುತ್ತಲಿನ ಮೋಡದ ಬೆಳಕನ್ನು ಬಿಡಿಸಿದಾಗ ಅದು ಆ ನಕ್ಷತ್ರಗಳ ಬೆಳಕಿನಂತೆಯೇ ಇತ್ತು. ಹಗ್ಗಿನ್ಸ್ ಕಂಡ ಹೊಳೆಯುವ ಗೆರೆಗಳು ಇಲ್ಲಿರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಈ ದೂಳು ಕೃತ್ತಿಕೆ ಹುಟ್ಟಿದ ಮೋಡದ ಉಳಿಕೆ ಅಲ್ಲ. ಸುಮಾರು 10 ಕೋಟಿ ವರ್ಷದ ಈ ನಕ್ಷತ್ರಗುಂಪು ದಾರಿಯಲ್ಲಿ ಸಿಕ್ಕ ಬೇರೊಂದು ದೂಳಿನ ಮೋಡವನ್ನು ಹಾದುಹೋಗುತ್ತಿದೆ.

ಇಲ್ಲಿ ಫಿಲ್ಟರ್ ವ್ಯರ್ಥ. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಫಿಲ್ಟರ್ ಮೋಡವನ್ನೂ ಸೇರಿಸಿ ತಡೆಯುತ್ತದೆ. ಅಂಗಡಿಯವರು ಎಲ್ಲ ನೀಹಾರಿಕೆಗೂ ಒಳ್ಳೆಯದು ಎಂದರೆ ನಂಬಬೇಡಿ. ಇದಕ್ಕೆ ಬೇಕಾದದ್ದು ನಿಜವಾದ ಕತ್ತಲೆ ಮಾತ್ರ.

ಕೃತ್ತಿಕೆಯ ನಕ್ಷತ್ರಗಳು ಬೈನಾಕುಲರಿನಲ್ಲಿ ಮನಸೋಲುವಷ್ಟು ಚೆನ್ನಾಗಿ ಕಾಣುತ್ತವೆ, ಮೋಡ ಮಾತ್ರ ಕಣ್ಣಿಗೆ ಕಷ್ಟ. ಲೆನ್ಸಿಗೆ ಇಬ್ಬನಿ ಕೂತರೂ ನಕ್ಷತ್ರಗಳ ಸುತ್ತ ಇಂಥದ್ದೇ ಮಬ್ಬು ಕಾಣುತ್ತದೆ. ಹಾಗಾಗಿ ಗಾಜು ಒರೆಸಿ ಮತ್ತೊಮ್ಮೆ ನೋಡಿ. ದೂರದರ್ಶಕ ಇದ್ದವರಿಗೆ ಸುಲಭದ್ದು ಮಹಾವ್ಯಾಧನ ಸೊಂಟದ ಸ್ವಲ್ಪ ಮೇಲಿರುವ ಎಂ 78. ಒರಯನ್ ನೀಹಾರಿಕೆಯನ್ನು ನೋಡಿ ಮುಗಿಸಿ ಇದಕ್ಕೆ ತಿರುಗಿಸಿದರೆ ಎರಡು ಬಗೆಗಳ ವ್ಯತ್ಯಾಸ ಅದೇ ರಾತ್ರಿ ಕಣ್ಣಿಗೆ ಗೊತ್ತಾಗುತ್ತದೆ. ಫಿಲ್ಟರ್ ಹಾಕಿ ತೆಗೆದು ನೋಡಿ. ಒಂದು ಎದ್ದು ಕಾಣುತ್ತದೆ, ಇನ್ನೊಂದು ಮಾಯವಾಗುತ್ತದೆ.

ಕಪ್ಪಾಗಿ ನಿಂತವು: ಖರ್ಚಿಲ್ಲ, ಕತ್ತಲೆ ಬೇಕು

ಹುಟ್ಟಿನ ಲೆಕ್ಕದಲ್ಲಿ ಇವೇ ಮೊದಲು. ಅನಿಲದ ಜೊತೆ ತೂಕದಲ್ಲಿ ನೂರಕ್ಕೆ ಒಂದರಷ್ಟು ದೂಳು ಬೆರೆತ ತಣ್ಣನೆಯ ಮೋಡ ಇದು. ಒಳಗೆ ಮೈನಸ್ 260 ಡಿಗ್ರಿಯ ಆಸುಪಾಸಿನ ಚಳಿ. ಹಿಂದಿನ ನಕ್ಷತ್ರಗಳ ಬೆಳಕನ್ನು ಆ ದೂಳು ನುಂಗುವುದರಿಂದ ಆಕಾಶದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ತಣ್ಣಗಿರುವುದರಿಂದ ಒಳಗಿನ ಒತ್ತಡ ಕಡಿಮೆ, ಗುರುತ್ವ ಗೆಲ್ಲುತ್ತದೆ, ಮೋಡ ಕುಸಿಯುತ್ತದೆ, ನಕ್ಷತ್ರ ಹುಟ್ಟುತ್ತದೆ. ಹುಟ್ಟಿದ್ದು ಬಿಸಿ ನಕ್ಷತ್ರವಾದರೆ ಸುತ್ತಲಿನ ಮೋಡ ಹೊಳೆಯತೊಡಗುತ್ತದೆ, ಅಷ್ಟು ಬಿಸಿ ಇಲ್ಲದಿದ್ದರೆ ಪ್ರತಿಫಲಿಸುತ್ತದೆ. ನಾವು ಬೇರೆ ಬೇರೆ ಎಂದು ಆರಿಸಲು ಕೂತ ಮೊದಲ ಮೂರು ಬಗೆ ಹೀಗೆ ಒಂದೇ ಮೋಡದ ಬೇರೆ ಬೇರೆ ಸ್ಥಿತಿಗಳು.

ಎಡ್ವರ್ಡ್ ಬರ್ನಾರ್ಡ್ 1919ರಲ್ಲಿ ಇಂಥ 182 ಕಪ್ಪು ಜಾಗಗಳ ಪಟ್ಟಿ ಪ್ರಕಟಿಸಿದರು. ಕುದುರೆ ತಲೆಯ ಆಕಾರದ ಪ್ರಸಿದ್ಧ ನೀಹಾರಿಕೆ ಬರ್ನಾರ್ಡ್ 33 ಎಂದು ಅದರಲ್ಲಿದೆ. 1888ರ ಒಂದು ಫೋಟೋ ಫಲಕದಲ್ಲಿ ಅದನ್ನು ಮೊದಲು ಗುರುತಿಸಿದವರು ಹಾರ್ವರ್ಡ್‌ನ ವಿಲಿಯಮಿನಾ ಫ್ಲೆಮಿಂಗ್. ಎಲ್ಲರಿಗೂ ಅದನ್ನೇ ನೋಡುವ ಆಸೆ. ಸಣ್ಣ ದೂರದರ್ಶಕ ತಂದು ಅದನ್ನು ಹುಡುಕಲು ಹೋಗಬೇಡಿ. ದೊಡ್ಡ ದೂರದರ್ಶಕಕ್ಕೂ ಅದು ಕಠಿಣ, ಕ್ಯಾಮೆರಾಗೆ ಮಾತ್ರ ಒಲಿಯುತ್ತದೆ.

ಬರಿಗಣ್ಣಿಗೆ ಸಿಗುವ ಕಪ್ಪು ನೀಹಾರಿಕೆಗಳೂ ಇವೆ. ಆಕಾಶಗಂಗೆಯನ್ನು ಉದ್ದಕ್ಕೆ ಸೀಳಿದಂತೆ ಕಾಣುವ ಕಪ್ಪು ಪಟ್ಟಿ ದೂಳಿನ ಮೋಡಗಳ ಸಾಲೇ. ಅಕ್ಟೋಬರ್ ಸಂಜೆ ರಾಜಹಂಸ ನಕ್ಷತ್ರಪುಂಜದ ಸುತ್ತ ಅದನ್ನು ನೋಡಬಹುದು. ಮೇ ತಿಂಗಳ ಮೊದಲ ವಾರಗಳಲ್ಲಿ ರಾತ್ರಿ ಹತ್ತರ ಹೊತ್ತಿಗೆ ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ. ಅದರ ಪಕ್ಕದ ಕಪ್ಪು ತೇಪೆ ಕೋಲ್‌ಸ್ಯಾಕ್, ದೂರ ಸುಮಾರು 600 ಜ್ಯೋತಿರ್ವರ್ಷ. ಪೇಟೆಯ ಬೆಳಕಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಹಿಂದಿನ ಆಕಾಶಗಂಗೆಯೇ ಕಾಣುವುದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಒಳನಾಡಿನ ಪದವಿನ ಮೇಲೆ ಒಂದು ಒಳ್ಳೆಯ ರಾತ್ರಿ ಸಿಕ್ಕರೆ ಬಿಡಬೇಡಿ. ಆಮೇಲೆ ಮಳೆ ಬಂದೇ ಬರುತ್ತದೆ.

ಗ್ರಹೀಯ ನೀಹಾರಿಕೆ: ಚಿಕ್ಕದು, ಆದರೆ ಪೇಟೆಯವರಿಗೆ ವರ

ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ. ವಿಲಿಯಂ ಹರ್ಷೆಲ್ ಕಣ್ಣಿಗೆ ಗ್ರಹದ ಹಾಗೆ ಗುಂಡಗೆ ಕಂಡಿದ್ದರಿಂದ ಹೆಸರು ಉಳಿಯಿತು, ಅಷ್ಟೇ. ನಮ್ಮ ಸೂರ್ಯನಂಥ, ಹೆಚ್ಚೆಂದರೆ ಅದರ ಎಂಟು ಪಟ್ಟು ತೂಕದ ನಕ್ಷತ್ರ ಮುದಿಯಾದಾಗ ಊದಿಕೊಂಡು ಕೆಂಪು ದೈತ್ಯ ಆಗುತ್ತದೆ. ಹೊರಪದರಗಳನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಒಳಗಿನ ಬಿಸಿ ತಿರುಳು ಬಯಲಾಗುತ್ತದೆ, ಅದು ಒಂದು ಲಕ್ಷ ಡಿಗ್ರಿ ದಾಟಬಹುದು. ಅದರ ನೇರಳಾತೀತ ಕಿರಣಕ್ಕೆ ಹೊರಗೆ ಹೋದ ಅನಿಲ ಹೊಳೆಯುತ್ತದೆ. ಸೆಕೆಂಡಿಗೆ 20-30 ಕಿಲೋಮೀಟರಿನಂತೆ ಹರಡುತ್ತಾ ಕೆಲವು ಹತ್ತು ಸಾವಿರ ವರ್ಷಗಳೊಳಗೆ ಕರಗಿಹೋಗುತ್ತದೆ. ತಿರುಳು ಶ್ವೇತ ಕುಬ್ಜವಾಗಿ ಉಳಿಯುತ್ತದೆ. ನಕ್ಷತ್ರದ ಆಯಸ್ಸು ನೂರಾರು ಕೋಟಿ ವರ್ಷ ಇರುವಾಗ ಈ ಹಂತ ಕಣ್ಣು ಮಿಟುಕಿಸುವಷ್ಟೇ. ನಾವು ನೋಡುವ ಹೊತ್ತಿಗೆ ಇವು ಅಲ್ಲಿ ಇವೆ ಎಂಬುದೇ ನನಗೆ ದೊಡ್ಡ ಭಾಗ್ಯ ಅನ್ನಿಸುತ್ತದೆ. ಸೂರ್ಯ ಕೂಡ ಸುಮಾರು 500 ಕೋಟಿ ವರ್ಷದ ಮೇಲೆ ಕೆಂಪು ದೈತ್ಯನಾಗಿ ಈ ದಾರಿ ಹಿಡಿಯುತ್ತಾನೆ.

ನೋಡುವವರಿಗೆ ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಬೆಳಕು ಸಣ್ಣ ಜಾಗದಲ್ಲಿ ಒಟ್ಟಾಗಿರುವುದರಿಂದ ಪೇಟೆಯ ಆಕಾಶದಲ್ಲೂ ಎದ್ದು ಬರುತ್ತದೆ. ಕಾಸರಗೋಡು, ಕಾಞಂಗಾಡ್ ಪೇಟೆಯ ಟೆರೇಸಿನಲ್ಲಿ ನಿಂತು ನೋಡುವವರಿಗೆ ಬೇರೆ ಯಾವ ಬಗೆಗಿಂತಲೂ ಇದು ವಾಸಿ. ಫಿಲ್ಟರ್ ಕೂಡ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತುಂಬಾ ಚಿಕ್ಕದು, ಬೈನಾಕುಲರಿಗೆ ಬಹುತೇಕ ಸಿಗುವುದಿಲ್ಲ.

ಅಭಿಜಿತ್ ನಕ್ಷತ್ರದ ಹತ್ತಿರದ ಉಂಗುರ ನೀಹಾರಿಕೆ, ಎಂ 57, ಎಲ್ಲರೂ ಕೇಳುವುದು. ಸಣ್ಣ ದೂರದರ್ಶಕಕ್ಕೂ ಸಿಗುತ್ತದೆ. ಹೆಚ್ಚು ದೊಡ್ಡದು ಮಾಡಿ ನೋಡಿದರೆ ನಡುವೆ ತೂತಿರುವ ಬೂದು ಉಂಗುರ. ಡಂಬೆಲ್, ಎಂ 27, ಇದಕ್ಕಿಂತ ದೊಡ್ಡದು. ಗ್ರಹೀಯ ನೀಹಾರಿಕೆಗಳಲ್ಲಿ ಮೊದಲು ಕಂಡದ್ದೇ ಇದು, 1764ರಲ್ಲಿ, ಶಾರ್ಲ್ ಮೆಸ್ಸಿಯೆಯ ಕಣ್ಣಿಗೆ. ಒಳ್ಳೆಯ ಕತ್ತಲೆ ಇದ್ದರೆ ಬೈನಾಕುಲರಿನಲ್ಲೂ ಚುಕ್ಕೆಯಾಗಿ ಕಾಣುವ ಅಪರೂಪದ್ದು. ಅಕ್ಟೋಬರ್, ನವೆಂಬರ್ ಸಂಜೆ ಎರಡೂ ಎತ್ತರದಲ್ಲಿರುತ್ತವೆ, ದೀಪಾವಳಿಯ ಅಮಾವಾಸ್ಯೆಯ ಆಸುಪಾಸು ಸರಿಯಾದ ಹೊತ್ತು. ಮಾರ್ಚ್, ಏಪ್ರಿಲ್‌ಗೆ ಬೇಕಿದ್ದರೆ ಗುರುವಿನ ಭೂತ ಎಂದು ಕರೆಯುವುದು ಇದೆ, ಎನ್‌ಜಿಸಿ ಎಂಬ ಇನ್ನೊಂದು ಪಟ್ಟಿಯಲ್ಲಿ 3242. ನೀಲಿ-ಹಸಿರು ಛಾಯೆ ಕಣ್ಣಿಗೇ ಕಾಣುವ ಕೆಲವೇ ನೀಹಾರಿಕೆಗಳಲ್ಲಿ ಅದೂ ಒಂದು.

ಸಿಡಿದು ಉಳಿದವು: ಕಥೆ ದೊಡ್ಡದು, ನೋಟ ಚಿಕ್ಕದು

ಸೂರ್ಯನ ಎಂಟು ಪಟ್ಟಿಗಿಂತ ಜಾಸ್ತಿ ತೂಕದ ನಕ್ಷತ್ರ ಕೊನೆಗೆ ಸೂಪರ್ನೋವಾ ಆಗಿ ಸಿಡಿಯುತ್ತದೆ. ಇನ್ನೊಂದು ದಾರಿಯೂ ಇದೆ. ಶ್ವೇತ ಕುಬ್ಜವೊಂದು ಪಕ್ಕದ ನಕ್ಷತ್ರದಿಂದ ತೂಕ ಪಡೆಯುತ್ತಾ ಸೂರ್ಯನ 1.4 ಪಟ್ಟಿನ ಹತ್ತಿರ ಬಂದರೆ ಅದೂ ಸಿಡಿಯುತ್ತದೆ. ಆ ಮಿತಿಯನ್ನು ಲೆಕ್ಕ ಹಾಕಿದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. 1983ರಲ್ಲಿ ಅವರಿಗೆ ನೊಬೆಲ್ ಬಂತು.

ಕ್ರಾಬ್ ನೀಹಾರಿಕೆ, ಎಂ 1, ಈ ಬಗೆಯ ಹೆಸರುವಾಸಿ. 1054ರಲ್ಲಿ ಚೀನಾದವರು ಕಂಡು ಬರೆದಿಟ್ಟ ಸಿಡಿತದ ಉಳಿಕೆ. 23 ದಿನ ಹಗಲಲ್ಲೇ ಕಾಣುತ್ತಿತ್ತು. ಅನಿಲ ಇಂದಿಗೂ ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್ ವೇಗದಲ್ಲಿ ಹರಡುತ್ತಿದೆ. ನಡುವೆ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ಪಲ್ಸಾರ್, ಅಂದರೆ ಸಿಡಿದ ನಕ್ಷತ್ರದ ಕುಸಿದ ತಿರುಳು, ಇದೆ. ಇಷ್ಟೆಲ್ಲ ಕಥೆ ಇದ್ದರೂ ದೂರದರ್ಶಕದಲ್ಲಿ ಕಾಣುವುದು ವೃಷಭದ ಕೊಂಬಿನ ತುದಿಯ ಹತ್ತಿರ ಒಂದು ಮಸುಕಾದ ಕಲೆ. ಮಕ್ಕಳಿಗೆ ಮೊದಲು ಇದನ್ನು ತೋರಿಸಿದರೆ ಆಸಕ್ತಿ ಇಳಿದುಹೋಗುತ್ತದೆ. ಒರಯನ್ ನೋಡಿ ಕಣ್ಣು ಪಳಗಿದವರಿಗೆ, ಕಥೆ ಗೊತ್ತಿರುವವರಿಗೆ ಇದನ್ನು ಇಟ್ಟುಕೊಳ್ಳಿ. ರಾಜಹಂಸದ ವೇಲ್ ನೀಹಾರಿಕೆ ಇನ್ನೂ ಸುಂದರ, ಆದರೆ ಓ-ತ್ರೀ ಫಿಲ್ಟರ್, ಕತ್ತಲೆ ಎರಡೂ ಬೇಕು.

ಇನ್ನೊಂದು ಮಾತು. ಮಳೆ ನಕ್ಷತ್ರಗಳಲ್ಲಿ ನಾವು ಎಣಿಸುವ ಆರ್ದ್ರಾ, ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರ, ಮುಂದಿನ ಸುಮಾರು ಒಂದು ಲಕ್ಷ ವರ್ಷದೊಳಗೆ ಹೀಗೆ ಸಿಡಿಯುವ ನಿರೀಕ್ಷೆ ಇದೆ. ಒರಯನ್ ನೀಹಾರಿಕೆ ತೋರಿಸುವಾಗ ಅದನ್ನೂ ತೋರಿಸಿ. ಹುಟ್ಟುವ ಜಾಗವೂ ಸಾಯಲು ಹೊರಟ ನಕ್ಷತ್ರವೂ ಒಂದೇ ನೋಟದಲ್ಲಿ ಸಿಗುತ್ತವೆ.

ಹಾಗಾದರೆ ಯಾವುದು?

ಕೈಯಲ್ಲಿ ಏನೂ ಇಲ್ಲದಿದ್ದರೆ ಚಳಿಗಾಲದಲ್ಲಿ ಒರಯನ್, ಮೇ ತಿಂಗಳಲ್ಲಿ ಕೋಲ್‌ಸ್ಯಾಕ್. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಹೊತ್ತು ಮೊಬೈಲ್ ಜೇಬಿನಲ್ಲೇ ಇರಲಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಮಸುಕಾದದ್ದನ್ನು ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಜಾಸ್ತಿ ಕಾಣುತ್ತದೆ.

ಶಾಲೆಗೆ ಒಂದೇ ಸಂಜೆ ಇದ್ದರೆ ನನ್ನ ಮಟ್ಟಿಗೆ ಎರಡು ಮಾತಿಲ್ಲ. ಜನವರಿ ಕೊನೆ ಅಥವಾ ಫೆಬ್ರವರಿ, ಅಮಾವಾಸ್ಯೆಯ ಹತ್ತಿರ, ಒರಯನ್. ಒಬ್ಬೊಬ್ಬರಾಗಿ ನೋಡುವಾಗ ಸಾಲು ಉದ್ದ ಆಗುತ್ತದೆ. ಕಾಯುವ ಮಕ್ಕಳಿಗೆ ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರ್ದ್ರಾ ಬರಿಗಣ್ಣಲ್ಲೇ ಗುರುತಿಸಲು ಕೊಡಿ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ಹೆಸರುಗಳು, ಬೇಗ ಮನಸ್ಸಿಗೆ ಹತ್ತುತ್ತವೆ.

ಹತ್ತು ಸಾವಿರದೊಳಗಿನ ಬಜೆಟ್ ಇದ್ದರೆ 10x50 ಬೈನಾಕುಲರ್ (ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಮಸೂರದ್ದು) ತನ್ನಿ. ಅದೇ ದುಡ್ಡಿಗೆ ಸಿಗುವ, ಕಾಲು ನಡುಗುವ ಪುಟ್ಟ ದೂರದರ್ಶಕ ಬೇಡ. ಒರಯನ್, ಲಗೂನ್, ಕರೀನಾ, ಕೃತ್ತಿಕೆಯ ನಕ್ಷತ್ರಗುಂಪು ನಾಲ್ಕೂ ಬೈನಾಕುಲರಿಗೆ ಒಲಿಯುತ್ತವೆ, ಹಗಲಲ್ಲಿ ತೋಟದ ಹಕ್ಕಿ ನೋಡಲೂ ಆಗುತ್ತದೆ.

ಕ್ಯಾಮೆರಾ ಇದ್ದವರಿಗೆ ಹೊಳೆಯುವ ಮತ್ತು ಪ್ರತಿಫಲಿಸುವ ಎರಡೂ ಇರುವ ಜಾಗ ಒಳ್ಳೆಯದು. ಚಳಿಗಾಲದಲ್ಲಿ ಒರಯನ್ ಸುತ್ತಮುತ್ತ, ಮಾರ್ಚ್ ಜಾವದಲ್ಲಿ ಟ್ರಿಫಿಡ್. ಆಕಾಶ ತಿರುಗುವುದಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಿಸುವ ಸಣ್ಣ ಟ್ರ್ಯಾಕರ್‌ಗೆ ದುಡ್ಡು ಹಾಕಿ. ದುಬಾರಿ ಲೆನ್ಸಿಗಿಂತ ಅದೇ ಮುಖ್ಯ.

ದೂರದರ್ಶಕವೇ ಬೇಕು ಎನ್ನುವವರು ಮನೆ ಎಲ್ಲಿದೆ ಎಂದು ನೋಡಿ ನಿರ್ಧರಿಸಿ. ಪೇಟೆಯಲ್ಲಿದ್ದರೆ ನಿಮ್ಮ ಗುರಿ ಗ್ರಹೀಯ ನೀಹಾರಿಕೆಗಳು, ಆರು ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ದೂರದರ್ಶಕ) ಜೊತೆ ಒಂದು ಯುಎಚ್‌ಸಿ ಫಿಲ್ಟರ್ ಸಾಕು. ಒಳನಾಡಿನಲ್ಲಿದ್ದರೆ ಎಂಟು ಇಂಚಿನದು ತೆಗೆದುಕೊಳ್ಳಿ, ಫಿಲ್ಟರ್ ಆಮೇಲೆ ನೋಡೋಣ. ನಿಮ್ಮ ಕತ್ತಲೆಯೇ ಆ ಕೆಲಸ ಅರ್ಧ ಮಾಡುತ್ತದೆ, ಎಂ 78ರಂಥವೂ ಸಿಗುತ್ತವೆ. ಎಂಟು ಇಂಚಿನದನ್ನು ಅಂಗಳಕ್ಕೆ ಹೊತ್ತು ತರಲು ಎರಡು ಸಲ ಓಡಾಡಬೇಕು, ಮನೆಯವರ ಕೈ ಬೇಕು. ಅಂಗಳದಲ್ಲಿ ಅಡಿಕೆ ಹರಡುವ ತಿಂಗಳುಗಳೂ ಒರಯನ್ ಮೇಲಿರುವ ತಿಂಗಳುಗಳೂ ಒಂದೇ. ಹಾಗಾಗಿ ಮೊದಲೇ ಒಂದು ಮೂಲೆ ಬಿಡಿಸಿಕೊಳ್ಳಿ.

ಕೊಳ್ಳುವುದಿದ್ದರೆ ಮಳೆ ಮುಗಿದ ಮೇಲೆ ಕೊಳ್ಳಿ. ಜೂನ್‌ನಲ್ಲಿ ತಂದರೆ ನಾಲ್ಕು ತಿಂಗಳು ಪೆಟ್ಟಿಗೆಯಲ್ಲೇ ಕೂತು ಗಾಜಿಗೆ ಬೂಷ್ಟು ಹಿಡಿಯುತ್ತದೆ. ಈಗಾಗಲೇ ಇದ್ದರೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಐಪೀಸುಗಳನ್ನು, ಅಂದರೆ ಕಣ್ಣಿಡುವ ಮಸೂರಗಳನ್ನು, ಇಡಿ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ದೂರದರ್ಶಕದ ಕೊಳವೆಯನ್ನು ಒಳಗಿನ ಕೋಣೆಯಲ್ಲೇ, ಕಿಟಕಿಯ ನೇರ ಬಿಸಿಲು ತಾಗದಂತೆ, ಮುಚ್ಚಳ ತೆಗೆದು ಸ್ವಲ್ಪ ಗಾಳಿಯಾಡಲು ಬಿಡಿ.